ಹತ್ತನೇ ಗೋರಿಯ ಮಾರ್ಕ್ಸು

ಅಟ್ಟದಿಂದ ಇಳಿಸುವಾಗ ಸ್ಟೂಲು ಅಲುಗಾಡಿ ನಾನು ಬೀಳಬಹುದಿತ್ತು. ನಾನು ಬೀಳದೆ ಪೆಟ್ಟಿಗೆ ಮಾತ್ರ ಬೀಳಬಹುದಿತ್ತು. ಇಬ್ಬರೂ ಬಿದ್ದು, ಮೊದಲು ಯಾರನ್ನು ಎತ್ತಬೇಕೆಂದು ನನ್ನ ಹೆಂಡತಿ ಯೋಚಿಸುವ ಹಾಗಾಗಬಹುದಿತ್ತು. ಗೆದ್ದಲು ಪೆಟ್ಟಿಗೆಯ ತಳ ತಿಂದಿರಬಹುದಿತ್ತು. ಇಲಿ ಅದರೊಳಗೆ ಸಂಸಾರ ಹೂಡಿರಬಹುದಿತ್ತು. ಚಿಕ್ಕಲಸಂದ್ರದ ನಮ್ಮ ಈ ಮನೆಯಲ್ಲಿ ಮಳೆ ಬಂದಾಗಲೆಲ್ಲ ಒಂದು ಮೂಲೆ ಸೋರುತ್ತದೆ. ನಾನು ಪೆಟ್ಟಿಗೆ ಇಟ್ಟದ್ದು ಆ ಮೂಲೆಯಲ್ಲೇ ಇರಬಹುದಿತ್ತು. ಒಳಗಿನ ಮಡಕೆ ಚೂರುಗಳು ನೀರು ಕುಡಿದು ಪುನಃ ಮಣ್ಣಾಗಿರಬಹುದಿತ್ತು. ಸುಟ್ಟ ಮಣ್ಣು ಹಾಗೆಲ್ಲ ಕರಗುವುದಿಲ್ಲವೆಂದು ನನಗೆ ಗೊತ್ತು. ಆದರೆ ನನ್ನ ಮಟ್ಟಿಗೆ ಗೊತ್ತಿರುವುದಕ್ಕೂ ಹೆದರುವುದಕ್ಕೂ ಯಾವ ಸಂಬಂಧವೂ ಇಲ್ಲ. ಪಿಯು ಕಾಲೇಜಿನ ಇತಿಹಾಸದ ಮೇಷ್ಟ್ರು ಸಾವಿರಾರು ವರ್ಷ ಹಳೆಯ ಸಾಮಾನನ್ನು ಮನೆಯ ಅಟ್ಟದಲ್ಲಿ ಯಾಕೆ ಇಟ್ಟುಕೊಂಡಿದ್ದಾನೆ ಎಂದು ಯಾರಾದರೂ ಕೇಳಬಹುದಿತ್ತು. ಪೆಟ್ಟಿಗೆ ಒಯ್ಯಲು ಬರುತ್ತೇನೆಂದ ಹುಡುಗಿ ಬಾರದೆ ಇರಬಹುದಿತ್ತು. ಬಂದು, ನೋಡಿ, ಇವೆಲ್ಲ ಬೇಡ ಸಾರ್ ಎಂದುಬಿಡಬಹುದಿತ್ತು.

ಇವು ಯಾವುವೂ ಆಗಲಿಲ್ಲ. ಆದದ್ದು ಬೇರೆ, ಬಹಳ ಸಣ್ಣದು. ಅದಕ್ಕೆ ಬರುತ್ತೇನೆ, ಅದಕ್ಕಿಂತ ಮುಂಚೆ ವಾಸನೆ.

ಚೂರುಗಳ ಮೇಲಿನ ನಂಬರು ಅಳಿಸಿಹೋಗುತ್ತಿರಬಹುದು ಎಂಬ ಮತ್ತೊಂದು ಭಯಕ್ಕೆ ಮುಂಜಾಗ್ರತೆಯಾಗಿ, ಬಣ್ಣವಿಲ್ಲದ ನೈಲ್ ಪಾಲಿಶಿನ ಒಂದು ಪುಟ್ಟ ಸೀಸೆ ತಂದಿಟ್ಟುಕೊಂಡಿದ್ದೆ. ಅದರ ಮುಚ್ಚಳ ತಿರುಗಿಸಿದೆ. ತಲೆಗೆ ಹತ್ತುವ, ಸ್ವಲ್ಪ ಸಿಹಿಯಾದ ಆ ವಾಸನೆ ಬಂದದ್ದೇ ತಡ, ನನ್ನ ಗೈಡು ಬಂದು ಎದುರಿಗೆ ಕೂತ ಹಾಗಾಯಿತು. ಬೇರೆಯವರಿಗೆ ಆ ವಾಸನೆಯಿಂದ ಅಕ್ಕನ ಮದುವೆಯೋ, ಕಾಲೇಜಿನ ಗೆಳತಿಯೋ ನೆನಪಾಗಬಹುದು. ನನಗೆ ನೆನಪಾಗುವುದು ಅರ್ಧ ತೋಳಿನ ಅಂಗಿ ತೊಟ್ಟ, ಹೊಟ್ಟೆ ಬಂದ, ದಪ್ಪ ಕನ್ನಡಕದ ಒಬ್ಬ ಪ್ರೊಫೆಸರು…

ಗೈಡು ಎಂದರೆ ಪಿಎಚ್‌ಡಿ ಮಾಡಿಸುವವರು. ನನಗೆ ಅವರು ಪಿಎಚ್‌ಡಿ ಮಾಡಿಸಲಿಲ್ಲ. ಅದು ಅವರ ತಪ್ಪೂ ಅಲ್ಲ, ನನ್ನ ತಪ್ಪೂ ಅಲ್ಲ. ತಪ್ಪು ಯಾರದಾದರೂ ಇದ್ದರೆ ಅದು ಹತ್ತನೇ ಗೋರಿಯದು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಗದಗದ ಕಡೆಯಿಂದ ಬಂದು ಬಿಟಿಎಂ ಲೇಔಟಿನಲ್ಲಿ ಒಂದು ಕೋಣೆ ಹಿಡಿದಿದ್ದೆ. ಗೈಡಿಗೆ ತುಂಗಭದ್ರೆಯಿಂದ ಆಚೆಗಿನದೆಲ್ಲ ಧಾರವಾಡವೇ. ಹಾಗಾಗಿ ಮೊದಲ ದಿನದಿಂದಲೇ ನನ್ನ ಹೆಸರು ಹೋಗಿ ‘ಧಾರವಾಡ’ ಎಂದಾಯಿತು. ಅವರ ಮನೆ ಜಯನಗರದಲ್ಲಿ. ಹಿತ್ತಿಲಿನಲ್ಲಿ ಕಾರಿಗೆಂದು ಕಟ್ಟಿಸಿದ ಶೆಡ್ಡಿತ್ತು. ಕಾರು ಯಾವತ್ತೂ ಬರಲಿಲ್ಲ, ಮಡಕೆಗಳು ಬಂದವು. ಕನಕಪುರ ರಸ್ತೆಯ ಆಚೆಗಿನ ಒಂದು ಊರಿನ ಹೊಲದಲ್ಲಿ, ನಾನು ಸೇರುವ ಮುಂಚೆಯೇ, ಅವರು ಕಲ್ಲುಗೋರಿಗಳನ್ನು ಅಗೆಸಿದ್ದರು. ಸುತ್ತ ಗುಂಡುಕಲ್ಲು ಜೋಡಿಸಿ ನಡುವೆ ಸತ್ತವರನ್ನು ಹೂಳುತ್ತಿದ್ದ ಕಾಲದವು, ಈ ಕಡೆಗೆ ಅಕ್ಷರ ಬರುವುದಕ್ಕೆ ಎಷ್ಟೋ ಮುಂಚಿನವು. ಹೂಳುವಾಗ ಅವರ ಜೊತೆ ಸಾಮಾನು ಇಡುತ್ತಿದ್ದರು. ಮಡಕೆ, ಕಬ್ಬಿಣದ ಕತ್ತಿ, ಕೆಂಪು ಕಲ್ಲಿನ ಮಣಿ. ಕೆಲವರಿಗೆ ಬಹಳ, ಕೆಲವರಿಗೆ ಅಷ್ಟಕ್ಕಷ್ಟೆ.

ನನ್ನ ಕೆಲಸ ಚೂರುಗಳಿಗೆ ನಂಬರು ಹಾಕುವುದು. ಚೂರಿನ ಒಳಮೈ ಮೇಲೆ ನೈಲ್ ಪಾಲಿಶಿನ ಒಂದು ಪಟ್ಟೆ ಎಳೆಯಬೇಕು, ಒಣಗಿದ ಮೇಲೆ ಅದರ ಮೇಲೆ ಕಪ್ಪು ಮಸಿಯಲ್ಲಿ ಅದು ಯಾವ ಗೋರಿಯದೋ ಆ ನಂಬರು ಬರೆಯಬೇಕು, ಮಸಿ ಅಳಿಯದಂತೆ ಮತ್ತೊಂದು ಪಟ್ಟೆ ಎಳೆಯಬೇಕು. ಈ ಕೊನೆಯ ಪಟ್ಟೆಯೇ ಅಪಾಯದ್ದು. “ಒಂದೇ ಎಳೆತ, ಧಾರವಾಡ,” ಎನ್ನುತ್ತಿದ್ದರು ಗೈಡು. “ಸರಿಯಾಗಿ ಕೂತಿದೆಯೋ ಇಲ್ವೋ ಅಂತ ಎರಡನೇ ಸಲ ಬ್ರಷ್ ಆಡಿಸಿದ್ಯೋ, ಕೆಳಗಿನದು ಕರಗಿ ಮಸಿ ಎಲ್ಲಾ ಎದ್ದು ಬರುತ್ತೆ.” ಬಾಗಿಲಿಗೆ ಬೀಗ ಹಾಕಿ, ಬೀದಿಯ ಕೊನೆಯವರೆಗೆ ಹೋಗಿ, ವಾಪಸ್ಸು ಬಂದು ಬೀಗ ಜಗ್ಗಿ ನೋಡುವ ನನ್ನಂಥವನಿಗೆ ಒಂದೇ ಎಳೆತ ಎನ್ನುವುದು ಎಂಥ ಶಿಕ್ಷೆ ಎಂದು ಅವರಿಗೆ ತಿಳಿಯಲಿಲ್ಲ.

ನಂಬರು ಕನ್ನಡದ ಅಂಕಿಯಲ್ಲೇ ಇರಬೇಕೆಂದು ಅವರ ಹಟ. ಅದರಲ್ಲಿ ನನಗೆ ಒಂದಕ್ಕೂ ಸೊನ್ನೆಗೂ ಸದಾ ಗಲಿಬಿಲಿ. ಅವರ ಕೈಬರಹದಲ್ಲಂತೂ ಎರಡೂ ಅಣ್ಣತಮ್ಮಂದಿರ ಹಾಗಿದ್ದವು. ಕೇಳಿದರೆ, “ಬಾಯಿ ತೆರೆದಿದ್ರೆ ಒಂದು, ಮುಚ್ಚಿದ್ರೆ ಸೊನ್ನೆ. ಅಷ್ಟೂ ಗೊತ್ತಾಗಲ್ವೇನಯ್ಯ?” ಎನ್ನುತ್ತಿದ್ದರು.

ನೈಲ್ ಪಾಲಿಶ್ ತರಲು ನಾವಿಬ್ಬರೇ ಫೋರ್ತ್ ಬ್ಲಾಕಿನ ಕಾಂಪ್ಲೆಕ್ಸಿಗೆ ಹೋಗುತ್ತಿದ್ದೆವು. ಬಳೆ, ರಿಬ್ಬನ್ನು, ಸ್ಟಿಕ್ಕರು ಮಾರುವ ಅಂಗಡಿ. ಹೆಂಗಸರ ಗುಂಪಿನ ನಡುವೆ ನಿಂತು ಗೈಡು ಒಂದೊಂದೇ ಸೀಸೆ ತೆರೆದು, ಎಡಗೈಯ ಹೆಬ್ಬೆರಳ ಉಗುರಿಗೆ ಹಚ್ಚಿ, ಊದಿ, ಬೆಳಕಿಗೆ ಹಿಡಿದು ನೋಡುತ್ತಿದ್ದರು. ಗಟ್ಟಿಯಾಗಿದ್ದರೆ ವಾಪಸ್ಸು. ಹೀಗೆ ಅವರ ಎಡ ಹೆಬ್ಬೆರಳು ಸದಾ ಮಿರಮಿರ ಮಿಂಚುತ್ತಿತ್ತು. ಅಂಗಡಿಯವನು ಒಮ್ಮೆ, “ಸಾರ್, ಇದರಲ್ಲಿ ಪಿಂಕೂ ಬಂದಿದೆ, ಸಖತ್ತಾಗಿದೆ, ನಿಮಗೆ ಒಪ್ಪುತ್ತೆ,” ಎಂದ. ನಾನು ನಾಚಿಕೆಯಿಂದ ಬಳೆಗಳ ಕಡೆ ತಿರುಗಿ ನಿಂತೆ. ಗೈಡು ಗಂಭೀರವಾಗಿ, “ಬೇಡಪ್ಪ, ಸತ್ತವರಿಗೆ ಬಣ್ಣ ಹಿಡಿಸಲ್ಲ,” ಎಂದರು. ಆಮೇಲೆ ಆ ಅಂಗಡಿಯವನು ನಮಗೆ ಸೀಸೆ ಕೊಡುತ್ತಿದ್ದ, ಮಾತು ಕೊಡುತ್ತಿರಲಿಲ್ಲ.

ಕೆಲಸ ಮುಗಿಯದಿದ್ದಾಗ ಕೆಲವು ಚೂರುಗಳನ್ನು ನಾನು ಕೋಣೆಗೆ ಒಯ್ಯುತ್ತಿದ್ದೆ. ನನ್ನ ಓನರ್ ಆಂಟಿ ಬಿಟಿಎಂ ಇನ್ನೂ ಹೊಲಗಳಾಗಿದ್ದಾಗಿನಿಂದ ಅಲ್ಲಿದ್ದವರು. ಹೊಲ ಹೋಗಿ ಮನೆಗಳಾಗಿದ್ದರೂ ಹಿಂದುಗಡೆ ಒಂದು ಹಸು ಉಳಿಸಿಕೊಂಡಿದ್ದರು. ಒಂದು ಬೆಳಿಗ್ಗೆ ಹಾಲಿನ ಚೊಂಬು ಹಿಡಿದು ನನ್ನ ಬಾಗಿಲಲ್ಲಿ ನಿಂತರು.

“ನಿಮ್ ರೂಮಿಂದ ನೈಲ್ ಪಾಲಿಶ್ ವಾಸ್ನೆ ಬತ್ತದೆ. ನಾನೇನೂ ಕೇಳಕಿಲ್ಲ. ಆದ್ರೆ ಇದು ಫ್ಯಾಮಿಲಿ ಇರೋ ಮನೆ.”

“ಅಯ್ಯ, ಹಂಗೇನಿಲ್ರೀ ಆಂಟಿ. ಅದು ಗಡಿಗಿ ಚೂರಿಗೆ ಹಚ್ಚೂದ್ರೀ.”

“ಯಾವ ಚೂರು?”

“ಗೋರ್ಯಾಗ ಸಿಕ್ಕಾವ್ರಿ…”

ಅವರು ಎರಡು ಹೆಜ್ಜೆ ಹಿಂದೆ ಸರಿದರು. ಚೊಂಬನ್ನು ಸೆರಗಿನಿಂದ ಮುಚ್ಚಿಕೊಂಡರು. “ಸ್ಮಶಾನದ್ದಾ? ತಂದು ಮಂಚದ ಕೆಳಗಿಟ್ಟಿದ್ದೀರಾ? ಇದಕ್ಕಿಂತ ಹುಡುಗಿ ಬಂದಿದ್ರೇ ವಾಸಿಯಾಗಿತ್ತಲ್ಲಪ್ಪ,” ಎಂದರು. ಅಂದಿನಿಂದ ಚೂರುಗಳನ್ನು ಕೋಣೆಗೆ ತರುವುದು ನಿಂತಿತು. ಹಾಲು ಮಾತ್ರ ಬಹಳ ದಿನ ಬರಲಿಲ್ಲ.

ಗೈಡಿನ ಕೆಲಸ ನನ್ನ ಕೆಲಸಕ್ಕಿಂತ ದೊಡ್ಡದು. ಅವರು ಗೋರಿಗಳಿಗೆ ಮಾರ್ಕ್ಸ್ ಕೊಡುತ್ತಿದ್ದರು. ಆ ಕಾಲದ ಜನರಲ್ಲಿ ಮೇಲುಕೀಳು ಎಷ್ಟಿತ್ತು ಎಂದು ಅಳೆಯಬೇಕು. ಬರೆದಿಟ್ಟವರು ಯಾರೂ ಇಲ್ಲ, ಉಳಿದಿರುವುದು ಗೋರಿಯ ಸಾಮಾನು ಮಾತ್ರ. ಹಾಗಾಗಿ ಒಂದೊಂದು ವಸ್ತುವಿಗೂ ಅದನ್ನು ಮಾಡಲು ಎಷ್ಟು ಶ್ರಮ ಬಿತ್ತು, ಎಷ್ಟು ದೂರದಿಂದ ಬಂತು ಎಂದು ನೋಡಿ ಅಂಕ. ಸಾದಾ ಮಡಕೆಗೆ ಒಂದು. ಕಬ್ಬಿಣಕ್ಕೆ ಅದಕ್ಕಿಂತ ಹೆಚ್ಚು. ದೂರದ ಊರಿನ ಮಣಿಗೆ ಎಲ್ಲಕ್ಕಿಂತ ಹೆಚ್ಚು. ಜೀವಮಾನವಿಡೀ ಉತ್ತರ ಪತ್ರಿಕೆ ತಿದ್ದಿದ ಕೈ ಅದು; ಕೆಂಪು ಪೆನ್ಸಿಲು ಹಿಡಿದು ಸತ್ತವರನ್ನೂ ತಿದ್ದುತ್ತಿತ್ತು. “ಹನ್ನೊಂದನೇ ಗೋರಿ ರ‍್ಯಾಂಕ್ ಸ್ಟೂಡೆಂಟು ಕಣಯ್ಯ. ಮೂರನೆಯದು ಸಪ್ಲಿಮೆಂಟರಿ.”

ಎಲ್ಲರ ಅಂಕವೂ ಸಿಕ್ಕಮೇಲೆ ಕಡಿಮೆ ಅಂಕದವರಿಂದ ಶುರುಮಾಡಿ ಒಬ್ಬೊಬ್ಬರನ್ನೇ ಕೂಡಿಸುತ್ತ ಗ್ರಾಫಿನ ಮೇಲೆ ಗೆರೆ ಎಳೆಯುತ್ತಿದ್ದರು. ಎಲ್ಲರಿಗೂ ಸಮನಾಗಿ ಸಿಕ್ಕಿದ್ದರೆ ಗೆರೆ ಬಿಗಿಯಾಗಿ ಕಟ್ಟಿದ ಹಗ್ಗದಂತೆ ನೆಟ್ಟಗೆ ಹೋಗುತ್ತದೆ. ಕೆಲವರೇ ಬಾಚಿಕೊಂಡಿದ್ದರೆ ಒದ್ದೆ ಕಂಬಳಿ ಹಾಕಿದ ಹಗ್ಗದಂತೆ ಕೆಳಕ್ಕೆ ಜೋಲುತ್ತದೆ. ಆ ಜೋಲಿಗೆ ನಮ್ಮ ಶೆಡ್ಡಿನ ಭಾಷೆಯಲ್ಲಿ ‘ಹೊಟ್ಟೆ’. ಹೊಟ್ಟೆ ದೊಡ್ಡದಾದಷ್ಟೂ ಆ ಊರಿನಲ್ಲಿ ಮೇಲುಕೀಳು ಹೆಚ್ಚು. “ಊರಿಗೂ ನನಗೂ ಒಟ್ಟಿಗೇ ಹೊಟ್ಟೆ ಬರ್ತಾ ಇದೆ,” ಎಂದು ಗೈಡು ನಗುತ್ತಿದ್ದರು. ಆ ಗೆರೆಯ ಮೇಲೆ ಅವರ ಕೊನೆಯ ವರದಿ ನಿಂತಿತ್ತು. ವರದಿಯ ಮೇಲೆ ನನ್ನ ಪ್ರಬಂಧ ನಿಂತಿತ್ತು. ಪ್ರಬಂಧದ ಮೇಲೆ ನನ್ನ ತಾಯಿ ಊರಿನಲ್ಲೆಲ್ಲ ಹೇಳಿಕೊಂಡು ಬಂದಿದ್ದ ‘ನನ್ನ ಮಗಾ ಡಾಕ್ಟರ್ ಆಗ್ತಾನ’ ಎಂಬ ಮಾತು ನಿಂತಿತ್ತು.

ಇಷ್ಟಕ್ಕೂ ಅಡ್ಡ ಬಂದದ್ದು ಹತ್ತನೆಯ ಗೋರಿ. ಅದರಲ್ಲಿ ಏನೂ ಇರಲಿಲ್ಲ. ಮೂಳೆಗಳಿದ್ದವು, ಹೆಂಗಸಿನದು ಎಂದು ಮೂಳೆ ಬಲ್ಲವರು ಹೇಳಿದ್ದರು. ಮಡಕೆ ಇಲ್ಲ, ಮಣಿ ಇಲ್ಲ, ಒಂದು ತುಂಡು ಕಬ್ಬಿಣ ಇಲ್ಲ. ಪಕ್ಕದಲ್ಲೇ ಹನ್ನೊಂದನೆಯದು, ಎಲ್ಲಕ್ಕಿಂತ ಶ್ರೀಮಂತ ಗೋರಿ. ಎರಡರ ನಡುವಿನ, ನೇಗಿಲು ಆಡಿ ಕೆದಕಿದ ಮಣ್ಣಿನಲ್ಲಿ ಒಂದು ಸಣ್ಣ ಚೂರು ಸಿಕ್ಕಿತ್ತು. ಒಳಗೂ ಹೊರಗೂ ಕೆಂಪು, ಅಂಚಿನಲ್ಲಿ ಉಗುರಿನಿಂದ ಗೀರಿದಂತೆ ಒಂದು ಗೆರೆ. ಅದು ಆ ಕಡೆಯದೋ ಈ ಕಡೆಯದೋ ಹೇಳುವಂತಿರಲಿಲ್ಲ. ಅಂಥವಕ್ಕೆಂದು ಗೈಡು ಒಂದು ಪ್ಲಾಸ್ಟಿಕ್ ಕವರಿಟ್ಟಿದ್ದರು, ಮೇಲೆ ‘ಅನಾಥ’ ಎಂದು ಬರೆದಿದ್ದರು. ಅದರೊಳಗೆ ಇದ್ದದ್ದು ಇದೊಂದೇ.

ಹತ್ತಕ್ಕೇ ಕೊಟ್ಟುಬಿಡಬಾರದೇನ್ರೀ ಸರ, ಖಾಲಿ ಐತಲ್ಲ, ಎಂದು ನಾನು ಕೇಳಿದ್ದೆ. ಗೈಡಿನ ಮುಖ ಗಂಟಾಯಿತು. “ಪಾಪ ಅಂತ ಕೊಟ್ರೆ ಅದು ದಾನ ಆಗುತ್ತೆ, ಲೆಕ್ಕ ಆಗಲ್ಲ. ಸಾಕ್ಷಿ ಇಲ್ದೆ ಯಾರಿಗೂ ಏನೂ ಕೊಡೋ ಹಾಗಿಲ್ಲ.”

ಆಗ ಅವರಿಗೆ ಹತ್ತನೆಯ ಗೋರಿಗೆ ಸೊನ್ನೆ ಕೊಡುವುದರಲ್ಲಿ ಯಾವ ಕಷ್ಟವೂ ಇರಲಿಲ್ಲ. ಕಷ್ಟ ತಂದಿಟ್ಟವರು ಅವರ ಹೆಂಡತಿ.

ಅವರನ್ನು ನಾನು ಮೇಡಂ ಎನ್ನುತ್ತಿದ್ದೆ. ಮಧ್ಯಾಹ್ನ ಶೆಡ್ಡಿಗೇ ಊಟ ತರುತ್ತಿದ್ದರು. ಮುಡಿಯಲ್ಲಿ ದಿನವೂ ಮಲ್ಲಿಗೆ. ಅವರು ಬರುವ ಮುಂಚೆ ಮಲ್ಲಿಗೆ ಬರುತ್ತಿತ್ತು, ಬಂದು ನೈಲ್ ಪಾಲಿಶಿನ ವಾಸನೆಯ ಜೊತೆ ಜಗಳವಾಡುತ್ತಿತ್ತು. ಒಂದು ದಿನ ತಟ್ಟೆ ಇಡಲು ಜಾಗ ಮಾಡುತ್ತ ಅಂಕಪಟ್ಟಿಯ ಮೇಲೆ ಕಣ್ಣಾಡಿಸಿ ಕೇಳಿದರು.

“ಏನ್ರೀ, ನಾನು ಹೋದ್ರೆ ನನ್ನ ಜೊತೆ ಏನಿಡ್ತೀರಿ?”

“ಆ ತಾಮ್ರದ ಇಡ್ಲಿ ಪಾತ್ರೆ. ಒಳ್ಳೇ ಮಾರ್ಕ್ಸ್ ಬರುತ್ತೆ.”

“ಅದು ನಮ್ಮಮ್ಮಂದು. ನನ್ನ ತಂಗಿ ಆಗ್ಲೇ ಕಣ್ಣಿಟ್ಟಿದ್ದಾಳೆ, ಬಿಡಲ್ಲ.”

“ಹಾಗಾದ್ರೆ ಹೂವು. ಎಷ್ಟು ಬೇಕಾದ್ರೂ.”

“ಹೂವಿಗೆ ಎಷ್ಟು ಮಾರ್ಕ್ಸು?”

ಗೈಡು ಹುಳಿ ಕಲೆಸಿಕೊಳ್ಳುತ್ತ ತರಗತಿಯ ದನಿಯಲ್ಲಿ ಹೇಳಿದರು. “ಹೂವು ಕೊಳೆತುಹೋಗುತ್ತೆ. ಬಟ್ಟೆ, ಬುಟ್ಟಿ, ರಾಗಿ, ಎಲ್ಲಾ ಕೊಳೆತುಹೋಗುತ್ತೆ. ಸಿಗದೇ ಇರೋದಕ್ಕೆ ಮಾರ್ಕ್ಸ್ ಕೊಡೋಕಾಗಲ್ಲ.”

“ಅಂದ್ರೆ ಇಷ್ಟು ವರ್ಷ ಬೇಯಿಸಿ ಹಾಕಿದ್ದಕ್ಕೆ ಸೊನ್ನೆ.” ಮೇಡಂ ನನ್ನ ಕಡೆ ತಿರುಗಿದರು. “ನೀನೇನು ಹೇಳ್ತೀಯಪ್ಪ?”

ನನಗೆ ಒಂದು ಕಡೆ ಪಿಎಚ್‌ಡಿ, ಇನ್ನೊಂದು ಕಡೆ ಊಟ. “ಅರ್ಧ ಮಾರ್ಕ್ಸ್ ಕೊಡಬಹುದೇನ್ರೀ ಸರ…” ಎಂದೆ.

“ಅರ್ಧ ಮಾರ್ಕ್ಸೆಲ್ಲ ರೀವ್ಯಾಲ್ಯುಯೇಶನ್ನಲ್ಲಿ,” ಎಂದರು ಗೈಡು. ಮೂವರೂ ನಕ್ಕೆವು. ಮೇಡಂ ಹೋಗುವಾಗ ಹತ್ತನೆಯ ಸಾಲಿನ ಮೇಲೆ ಬೆರಳಿಟ್ಟು, “ಇವಳ ತಲೇಲಿ ಏನು ಮುಡಿಸಿದ್ರೋ ನಿಮಗೇನು ಗೊತ್ತು,” ಎಂದರು. ತಮಾಷೆಗೇ ಅಂದದ್ದು. ಆದರೆ ಗೈಡು ಊಟದ ಮಧ್ಯೆ ಕೈ ನಿಲ್ಲಿಸಿದ್ದು ನೋಡಿದ್ದೆ.

ಅದಾದ ಎರಡನೆಯ ವರ್ಷವೋ, ಮೂರನೆಯದೋ… ಮೇಡಂ ಹೋಗಿಬಿಟ್ಟರು. ದೊಡ್ಡ ಕಾಯಿಲೆಯೇನೂ ಇರಲಿಲ್ಲ. ಬೆಳಿಗ್ಗೆ ಹೂವಿನವಳ ಹತ್ತಿರ ಚೌಕಾಸಿ ಮಾಡಿ ಒಳಗೆ ಬಂದವರು ಕುರ್ಚಿಯಲ್ಲಿ ಕೂತರಂತೆ, ಏಳಲಿಲ್ಲವಂತೆ.

ಬನಶಂಕರಿಯ ವಿದ್ಯುತ್ ಚಿತಾಗಾರದಲ್ಲಿ ನಾನು ಗೈಡಿನ ಪಕ್ಕದಲ್ಲಿ ನಿಂತಿದ್ದೆ. ಒಳಗೆ ಕಳಿಸುವ ಮುಂಚೆ ಮೈಮೇಲಿನದೆಲ್ಲ ತೆಗೆಯಬೇಕು. ಬಳೆ ತೆಗೆದರು, ಓಲೆ ತೆಗೆದರು. ಮೂಗುತಿ ಬರಲಿಲ್ಲ, ತಂಗಿ ಅಳುತ್ತ, ಸೋಪಿನ ನೀರು ಹಚ್ಚಿ, ತಿರುಗಿಸಿ ತಿರುಗಿಸಿ ಅದನ್ನೂ ತೆಗೆದರು. ಜೀವಮಾನವಿಡೀ ಗೋರಿಯಲ್ಲಿ ಏನೇನು ಇಟ್ಟರು ಎಂದು ಲೆಕ್ಕ ಹಾಕಿದ ಮನುಷ್ಯ, ಒಂದೊಂದಾಗಿ ತೆಗೆಯುವುದನ್ನು ನೋಡುತ್ತ ನಿಂತಿದ್ದರು.

“ಎಲ್ಲಾ ತೆಗೆದ್ರು ನೋಡು,” ಎಂದರು ಮೆಲ್ಲಗೆ.

“ಹೂವು ಬಿಟ್ಟಾರಲ್ರೀ ಸರ.”

“ಅದನ್ನ ಯಾರು ಎಣಿಸ್ತಾರೆ…”

ಆಮೇಲಿನ ವರ್ಷಗಳನ್ನು ನೆನೆದರೆ ಈಗಲೂ ಆಯಾಸವಾಗುತ್ತದೆ. ಎಲ್ಲ ಗೋರಿಗಳ ಅಂಕವೂ ತುಂಬಿತ್ತು. ಹತ್ತರ ಮುಂದಿನ ಜಾಗ ಮಾತ್ರ ಖಾಲಿ. ಗೈಡು ಬೆಳಿಗ್ಗೆ ಶೆಡ್ಡಿಗೆ ಬರುತ್ತಿದ್ದರು, ಪೆನ್ಸಿಲು ಚೂಪು ಮಾಡುತ್ತಿದ್ದರು, ಗೆರೆಯನ್ನು ಎರಡು ಸಲ ಎಳೆಯುತ್ತಿದ್ದರು. ಒಮ್ಮೆ ಹತ್ತನೆಯದಕ್ಕೆ ಸೊನ್ನೆ ಹಾಕಿ, ಒಮ್ಮೆ ಅದನ್ನು ಲೆಕ್ಕದಿಂದಲೇ ಬಿಟ್ಟು. ಸೊನ್ನೆ ಹಾಕಿದರೆ ಹೊಟ್ಟೆ ಸ್ವಲ್ಪ ದೊಡ್ಡದು. ಬಿಟ್ಟರೆ ಸ್ವಲ್ಪ ಸಣ್ಣದು. ಎರಡನ್ನೂ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿ, ಎರಡನ್ನೂ ಮಡಚಿಡುತ್ತಿದ್ದರು.

ಒಮ್ಮೆ ನನಗೂ ತಾಳ್ಮೆ ಕೆಟ್ಟಿತು. ವರದಿ ಕೊಡುವ ಗಡುವು ಮತ್ತೊಮ್ಮೆ ದಾಟಿತ್ತು. “ಸೊನ್ನಿ ಹಾಕಿ ಮುಗಿಸಿಬಿಡ್ರೀ ಸರ. ಎಲ್ಲಾರೂ ಹಂಗ ಮಾಡ್ತಾರ,” ಎಂದೆ.

ಅವರು ಬೈಯಲಿಲ್ಲ. “ಸೊನ್ನೆ ಹಾಕಿದ್ರೆ ಅವಳಿಗೆ ಅನ್ಯಾಯ ಆಗಬಹುದು. ಬೆಟ್ಟದಷ್ಟು ಹೂವು ಹಾಕಿ ಕಳಿಸಿದ್ರೋ ಏನೋ. ಹಾಗಂತ ಬಿಟ್ಬಿಟ್ರೆ, ಅವಳು ನಿಜವಾಗ್ಲೂ ಏನೂ ಇಲ್ದೇ ಇದ್ದವಳಾಗಿದ್ರೆ? ಬಡವರನ್ನ ಪಟ್ಟಿಯಿಂದ ತೆಗೆದು, ನೋಡಿ ಇಲ್ಲಿ ಎಲ್ಲರೂ ಸಮ ಅಂತ ಬರೆದ ಹಾಗಾಗಲ್ವಾ?” ಪೆನ್ಸಿಲು ಕೆಳಗಿಟ್ಟು ಮತ್ತೆ ಅಂದರು. “ಮುಂಚೆ ಇದು ಗೊತ್ತಿರ್ಲಿಲ್ಲ ಅಂತಲ್ಲ, ಧಾರವಾಡ. ಪಾಠ ಮಾಡ್ತಿದ್ದೆ. ಕೈ ಹೀಗೆ ನಿಲ್ತಿರ್ಲಿಲ್ಲ, ಅಷ್ಟೆ.”

ಕೈ ನಿಂತೇ ಇತ್ತು. ಗೈಡು ನಿವೃತ್ತರಾದರು. ಸಂಶೋಧನೆಗೆಂದು ನನಗೆ ಬರುತ್ತಿದ್ದ ಹಣ ನಿಂತಿತು, ಆಮೇಲೆ ಪಿಎಚ್‌ಡಿಯ ಕಾಲಾವಧಿಯೂ ಮುಗಿಯಿತು. ಹೊಸ ಗೈಡನ್ನು ಹುಡುಕಬಹುದಿತ್ತು. ಅವರು ಒಪ್ಪದಿದ್ದರೆ, ವಿಷಯ ಬದಲಾಯಿಸು ಎಂದರೆ, ಎಂದು ಹೆದರುತ್ತಲೇ ವರ್ಷ ಕಳೆದೆ. ಪಿಯು ಕಾಲೇಜೊಂದರಲ್ಲಿ ಕೆಲಸ ಸಿಕ್ಕಿತು. ಮದುವೆಯಾಯಿತು, ಬಿಟಿಎಂ ಬಿಟ್ಟು ಚಿಕ್ಕಲಸಂದ್ರಕ್ಕೆ ಬಂದೆವು. ಕೋಣೆ ಖಾಲಿ ಮಾಡುವಾಗ ಓನರ್ ಆಂಟಿ ಮಂಚದ ಕೆಳಗೆ ಅರಿಶಿನದ ನೀರು ಚಿಮುಕಿಸಿದರು. ತಾಯಿ ಊರಿನಲ್ಲಿ, ‘ಡಾಕ್ಟರ್ ಅಲ್ಲ, ಮಾಸ್ತರ’ ಎಂದು ತಿದ್ದಿ ಹೇಳುವುದನ್ನು ಕಲಿತಳು.

ಒಳ್ಳೆಯ ಮಡಕೆ, ಮಣಿ, ಕತ್ತಿಗಳೆಲ್ಲ ಮ್ಯೂಸಿಯಮ್ಮಿಗೆ ಹೋದವು. ಚೂರುಗಳು ಯಾರಿಗೂ ಬೇಡವಾಗಿ ಶೆಡ್ಡಿನಲ್ಲೇ ಉಳಿದವು. ಬಿಡುವಿದ್ದ ಭಾನುವಾರಗಳಂದು ಹೋಗುತ್ತಿದ್ದೆ. ಗೈಡು ಹಳೆಯ ನಂಬರುಗಳನ್ನು ಒಂದೊಂದಾಗಿ ನೋಡುತ್ತ, ಅಳಿದದ್ದನ್ನು ಹೊಸದಾಗಿ ಬರೆಯುತ್ತ ಕೂತಿರುತ್ತಿದ್ದರು. ಕೈ ನಡುಗುತ್ತಿತ್ತು. ಬಾಯಿ ತೆರೆದ ಒಂದೂ ಬಾಯಿ ಮುಚ್ಚಿದ ಸೊನ್ನೆಯೂ ಇನ್ನಷ್ಟು ಹತ್ತಿರದ ನೆಂಟರಾಗಿದ್ದವು. ವರದಿಯ ಮಾತು ನಾನೂ ಎತ್ತುತ್ತಿರಲಿಲ್ಲ, ಅವರೂ ಎತ್ತುತ್ತಿರಲಿಲ್ಲ. ನೈಲ್ ಪಾಲಿಶ್ ಮುಗಿದಿದ್ದರೆ ಆಟೋ ಮಾಡಿಕೊಂಡು ಫೋರ್ತ್ ಬ್ಲಾಕಿಗೆ ಹೋಗಿ ತರುತ್ತಿದ್ದೆವು. ಅಂಗಡಿಯಲ್ಲಿ ಆ ಹೊತ್ತಿಗೆ ಹಳಬನ ಮಗ ಕೂರುತ್ತಿದ್ದ. ಅವನು ನಮ್ಮನ್ನು ನೋಡಿ ಏನೂ ಕೇಳುತ್ತಿರಲಿಲ್ಲ. ಅಪ್ಪ ಹೇಳಿರಬೇಕು.

ಕೊನೆಯ ಸಲ ಹೋದಾಗ ಸೇಬಿನ ಪೆಟ್ಟಿಗೆಯೊಂದನ್ನು ನನ್ನ ಮುಂದಿಟ್ಟರು. “ಇದನ್ನ ನಿನ್ನ ಹತ್ರ ಇಟ್ಕೋ. ನಾನು ಹೋದ್ಮೇಲೆ ಮನೆಗೆ ಬರೋರು ಶೆಡ್ಡು ಒಡೀತಾರೆ, ಇದನ್ನ ತಳಪಾಯಕ್ಕೆ ಸುರೀತಾರೆ. ಯಾರಾದ್ರೂ ಕೇಳ್ಕೊಂಡು ಬಂದ್ರೆ ಕೊಡು.” ಪೆಟ್ಟಿಗೆಗೆ ಹಗ್ಗ ಕಟ್ಟುತ್ತ, “ಎಲ್ಲಾದಕ್ಕೂ ನಂಬರ್ ಹಾಕಿದ್ದೀನಿ. ಅನಾಥ ಅಂತ ಯಾವುದೂ ಉಳಿದಿಲ್ಲ,” ಎಂದರು.

ನಾನು ಆ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಪೆಟ್ಟಿಗೆಯನ್ನು ಬಸ್ಸಿನಲ್ಲಿ ಒಯ್ಯುವುದೋ ಆಟೋದಲ್ಲೋ, ಆಟೋ ರಸ್ತೆಯ ಹಂಪಿನ ಮೇಲೆ ಎಗರಿದರೆ ಏನು ಗತಿ ಎಂಬ ಯೋಚನೆಯಲ್ಲಿದ್ದೆ. ಆ ಚೂರನ್ನು ಬಿಸಾಡಿರಬೇಕು ಎಂದುಕೊಂಡೆನೋ ಏನೋ… ನೆನಪಿಲ್ಲ.

ಆ ಮಳೆಗಾಲದಲ್ಲಿ ಗೈಡು ಹೋದರು. ಅದೇ ಬನಶಂಕರಿ, ಅದೇ ಬಾಗಿಲು. ಕನ್ನಡಕ ತೆಗೆದರು, ವಾಚು ತೆಗೆದರು, ಉಂಗುರ ತೆಗೆದರು. ಎಡಗೈಯ ಹೆಬ್ಬೆರಳ ಉಗುರು ಸಣ್ಣಗೆ ಮಿಂಚುತ್ತಿದ್ದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ನಾನೂ ಹೇಳಲಿಲ್ಲ.

ಪೆಟ್ಟಿಗೆ ನನ್ನ ಅಟ್ಟ ಸೇರಿತು. ತೆರೆದರೆ ಏನಾದರೂ ಒಡೆದೀತು ಎಂದು ತೆರೆಯಲೇ ಇಲ್ಲ. ಕೇಳಿಕೊಂಡು ಯಾರೂ ಬರಲಿಲ್ಲ. ಈಗ, ಇಷ್ಟು ದಿನಗಳ ಮೇಲೆ, ಸಂಶೋಧನೆ ಮಾಡುತ್ತಿರುವ ಒಬ್ಬ ಹುಡುಗಿ ಹೇಗೋ ನನ್ನ ಫೋನ್ ನಂಬರು ಪತ್ತೆಮಾಡಿದ್ದಳು. ಆ ಗೋರಿಗಳ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಹೊಸದಾಗಿ ಮಾಡುತ್ತಾಳಂತೆ. ಭಾನುವಾರ ಬಂದು ಪೆಟ್ಟಿಗೆ ಒಯ್ಯುತ್ತೇನೆ ಎಂದಳು. ಅದಕ್ಕೇ ಈ ಸ್ಟೂಲು, ಈ ಸೀಸೆ, ಈ ವಾಸನೆ.

ಶನಿವಾರ ಮಧ್ಯಾಹ್ನ ನಡುಮನೆಯಲ್ಲಿ ಪೇಪರು ಹಾಸಿ ಒಂದೊಂದೇ ಚೂರು ತೆಗೆದಿಟ್ಟೆ. ಒಂದೂ ಒಡೆದಿರಲಿಲ್ಲ. ಸೀಸೆಯ ಪಾಲಿಶ್ ಗಟ್ಟಿಯಾಗಿಲ್ಲವಷ್ಟೆ ಎಂದು ಎಡ ಹೆಬ್ಬೆರಳ ಉಗುರಿಗೆ ಹಚ್ಚಿ ನೋಡಿದೆ. ಮಸುಕಾದ ನಂಬರುಗಳ ಮೇಲೆ ಪಟ್ಟೆ ಎಳೆಯುತ್ತ ಹೋದೆ. ಒಂದೇ ಎಳೆತ. ಕೈಗೆ ನೆನಪಿತ್ತು. ಪೆಟ್ಟಿಗೆಯ ತಳದಲ್ಲಿ ‘ಅನಾಥ’ ಎಂದು ಬರೆದ ಕವರು ಖಾಲಿಯಾಗಿ, ಅಚ್ಚುಕಟ್ಟಾಗಿ ಮಡಚಿಕೊಂಡಿತ್ತು. ಅದರ ಪಕ್ಕದಲ್ಲಿದ್ದದ್ದೇ ಕೊನೆಯ ಚೂರು.

ಕನ್ನಡಕ ಹಣೆಯ ಮೇಲಿತ್ತು. ಕೈ ತನ್ನ ಪಾಡಿಗೆ ಪಟ್ಟೆ ಎಳೆದುಬಿಟ್ಟಿತ್ತು. ಎಳೆದ ಮೇಲೆ ಚೂರನ್ನು ತಿರುಗಿಸಿದರೆ ಅಂಚಿನಲ್ಲಿ ಉಗುರಿನ ಗೀರು. ಅದೇ ಚೂರು. ಅದಕ್ಕೆ ಗೈಡು ನಂಬರು ಹಾಕಿದ್ದಾರೆ. ಎಳೆಯುವಾಗ ‘ಹತ್ತು’ ಎಂದು ಓದಿದ ಹಾಗಿತ್ತು… ಹನ್ನೊಂದೂ ಇರಬಹುದು. ಈ ನಂಬರು ಮಾತ್ರ ಅಳಿಯಬಾರದು, ಪಟ್ಟೆ ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು…

ಎರಡನೇ ಸಲ ಬ್ರಷ್ ಆಡಿಸಿದೆ.

ಮಸಿ ಎದ್ದಿತು. ಹರಡದಿರಲಿ ಎಂದು ಹೆಬ್ಬೆರಳು ಒತ್ತಿದೆ. ತೆಗೆದಾಗ ಚೂರಿನ ಮೇಲೆ ಮೊದಲ ಅಂಕಿ ‘ಒಂದು’ ಉಳಿದಿತ್ತು. ಅದರ ಮುಂದಿನ ಅಂಕಿ ನನ್ನ ಬೆರಳಿಗೆ ಬಂದಿತ್ತು. ಉರುಟಾದ, ಕಪ್ಪಾದ, ಅರ್ಧ ಕರಗಿದ ಒಂದು ಗುರುತು. ಬಾಯಿ ತೆರೆದಿದೆಯೋ ಮುಚ್ಚಿದೆಯೋ ಕನ್ನಡಕ ಇಳಿಸಿಕೊಂಡು ನೋಡಿದರೂ ತಿಳಿಯಲಿಲ್ಲ. ಹನ್ನೊಂದಾಗಿದ್ದರೆ ಅವರಿಗೆ ಯಾವುದೋ ಸಾಕ್ಷಿ ಸಿಕ್ಕಿತ್ತು. ಹತ್ತಾಗಿದ್ದರೆ ಸಾಕ್ಷಿಯೇ ಸಿಕ್ಕಿತ್ತೋ, ಅಥವಾ ಲೆಕ್ಕ ಬಿಟ್ಟು ದಾನ ಮಾಡಿದ್ದರೋ. ಕೇಳೋಣವೆಂದರೆ ಆ ಕೈಬರಹ ಓದಬಲ್ಲವರು ಇಬ್ಬರೇ ಇದ್ದರು. ಒಬ್ಬರು ಬರೆದವರು, ಇನ್ನೊಬ್ಬ ಅಳಿಸಿದವನು.

ಭಾನುವಾರ ಹುಡುಗಿ ಬಂದಳು. ಒಂದು ಚೂರಿನ ನಂಬರು ನನ್ನಿಂದ ಹೋಯಿತು ಎಂದೆ. “ಪರವಾಗಿಲ್ಲ ಸಾರ್, ಒಂದು ತಾನೆ, ಮಿಸಲೇನಿಯಸ್ಸಲ್ಲಿ ಹಾಕ್ಕೊಳ್ತೀನಿ,” ಎಂದಳು. ಪೆಟ್ಟಿಗೆ ಎತ್ತಿಕೊಳ್ಳುತ್ತ, “ಹತ್ತನೇದಕ್ಕೆ ಝೀರೋ ಅಲ್ವಾ ಸಾರ್? ಎಲ್ಲೂ ಬರೆದಿಲ್ಲ,” ಎಂದು ಕೇಳಿದಳು. ಹಂಪಿನ ಹತ್ತಿರ ಆಟೋ ನಿಧಾನಕ್ಕೆ ಹೋಗಲಿ ಎಂದು ಮಾತ್ರ ಹೇಳಿದೆ.

ಒಳಗೆ ಬಂದರೆ ಹೆಂಡತಿ ನನ್ನ ಕೈ ನೋಡುತ್ತಿದ್ದಳು. “ಏನ್ರೀ ಇದು, ಉಗುರು ಮಿಂಚ್ತಿದೆ, ಬೆರಳೆಲ್ಲ ಮಸಿ. ರಿಮೂವರ್ ಇದೆ, ಹತ್ತಿ ಕೊಡ್ಲಾ?”

“ಇವತ್ತು ಬೇಡ,” ಎಂದೆ.